ಗಾಳಿಯನ್ನು ಹುಡುಕಿಕೊಂಡು ಹೋದ ಹಡಗುಗಳು



ಜೂನ್ ತಿಂಗಳು ಬಂತೆಂದರೆ ನಮ್ಮ ಕರಾವಳಿಯಲ್ಲಿ ದೋಣಿಗಳು ದಡ ಸೇರುತ್ತವೆ. ಮಳೆಗಾಲದ ಕಡಲಿನ ಜೊತೆ ಹಟ ಕಟ್ಟಬಾರದು ಎನ್ನುವುದು ಕಾರವಾರದಿಂದ ಉಳ್ಳಾಲದವರೆಗೆ ತಲೆಮಾರುಗಳಿಂದ ಒಪ್ಪಿಕೊಂಡು ಬಂದ ಮಾತು. ಹಿಂದೆ ಮಂಗಳೂರು ಬಂದರಿನಿಂದ ಹಂಚು ಹೇರಿಕೊಂಡು ಹೋಗುತ್ತಿದ್ದ ಮಂಜಿಗಳೂ ಪತ್ತೆಮಾರಿಗಳೂ ಅಷ್ಟೇ, ಮಳೆಗಾಲದ ಆರ್ಭಟ ಕಳೆಯುವ ತನಕ ಹಾಯಿ ಬಿಚ್ಚುತ್ತಿರಲಿಲ್ಲ. ಶ್ರಾವಣದ ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಕೊಟ್ಟು, ಗಾಳಿ ಹದಕ್ಕೆ ಬಂತು ಅನ್ನಿಸಿದ ಮೇಲೆಯೇ ಪ್ರಯಾಣ. ಇವತ್ತು ನಾನು ಹೇಳಲಿರುವುದು ಇದಕ್ಕೆ ಪೂರ್ತಿ ಉಲ್ಟಾ ಆದ ಒಂದು ಬದುಕಿನ ಬಗ್ಗೆ. ಬಿರುಗಾಳಿ ಬೀಸುವ ಜಾಗ ಯಾವುದು ಎಂದು ನಕಾಶೆಯಲ್ಲಿ ನೋಡಿಕೊಂಡು, ಬೇಕೆಂದೇ ಅಲ್ಲಿಗೆ ಹೋಗುತ್ತಿದ್ದ ಹಡಗುಗಳ ಬಗ್ಗೆ.

ಆ ಜಾಗ ದಕ್ಷಿಣ ಅಮೆರಿಕದ ತುತ್ತತುದಿ, ಕೇಪ್ ಹಾರ್ನ್. 1616ರಲ್ಲಿ ಸ್ಕೌಟನ್ ಮತ್ತು ಲೆ ಮೇರ್ ಎಂಬ ಡಚ್ ನಾವಿಕರು ಅದನ್ನು ಬಳಸಿ ಹೋಗಿ, ತಮ್ಮ ದೇಶದ ಹೂರ್ನ್ ಪಟ್ಟಣದ ಹೆಸರನ್ನು ಅದಕ್ಕಿಟ್ಟರು. ಅದು ಇರುವುದು ಸುಮಾರು 56 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿ. ಶಾಲೆಯಲ್ಲಿ ನೋಡಿದ ಭೂಗೋಳವನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಹಾರ್ನ್‌ನಿಂದ ಒಂದಿಷ್ಟು ಕೆಳಗೆ, ಆ ಅಕ್ಷಾಂಶದ ಗುಂಟ ಭೂಮಿಯನ್ನು ಪೂರ್ತಿ ಒಂದು ಸುತ್ತು ಹಾಕಿದರೂ ಅಡ್ಡ ಬರುವ ನೆಲ ಇಲ್ಲ. ಪಶ್ಚಿಮದಿಂದ ಬೀಸುವ ಗಾಳಿಗೂ ತಡೆಯಿಲ್ಲ, ಅದು ಎಬ್ಬಿಸಿದ ಅಲೆಗಳಿಗೂ ತಡೆಯಿಲ್ಲ. ಸಾವಿರಾರು ಮೈಲಿ ಬೆಳೆಯುತ್ತಲೇ ಬಂದ ಅಲೆಗಳು ಹಾರ್ನ್ ಮತ್ತು ಅಂಟಾರ್ಕ್ಟಿಕಾದ ನಡುವಿನ ಸಂದಿಯಲ್ಲಿ ನುಗ್ಗುತ್ತವೆ. 1788ರಲ್ಲಿ 'ಬೌಂಟಿ' ಹಡಗಿನ ವಿಲಿಯಂ ಬ್ಲೈ ಸುಮಾರು ಒಂದು ತಿಂಗಳು ಅಲ್ಲಿ ಹೆಣಗಾಡಿದ. ಪಶ್ಚಿಮಕ್ಕೆ ದಾಟಲಾಗದೆ ಕೊನೆಗೆ ಹಡಗನ್ನು ತಿರುಗಿಸಿ, ಆಫ್ರಿಕದ ತುದಿಯನ್ನು ಬಳಸಿಕೊಂಡು ಟಹೀಟಿಗೆ ಹೋದ. ಒಂದು ಬಂಡೆಗಲ್ಲಿನ ತುದಿಯನ್ನು ತಪ್ಪಿಸಲು ಅರ್ಧ ಭೂಮಿ ಸುತ್ತುವುದೇ ವಾಸಿ ಎಂದು ಅವನಿಗೆ ಕಂಡಿತ್ತು.

ಹಾಗಾದರೆ ಇಪ್ಪತ್ತನೆಯ ಶತಮಾನದಲ್ಲಿ, ಉಗಿಹಡಗುಗಳು ಬಂದು, 1914ರಲ್ಲಿ ಪನಾಮಾ ಕಾಲುವೆಯೂ ತೆರೆದ ಮೇಲೆ, ಹಾಯಿ ಹಡಗುಗಳಿಗೆ ಅಲ್ಲೇನು ಕೆಲಸ? ಉತ್ತರ ಇರುವುದು ಮಾಲೀಕರ ಲೆಕ್ಕದ ಪುಸ್ತಕದಲ್ಲಿ. ಉಗಿಹಡಗಿಗೆ ಕಲ್ಲಿದ್ದಲು ಬೇಕು, ಅದನ್ನು ತುಂಬಿಸಿಕೊಳ್ಳಲು ದಾರಿಯಲ್ಲಿ ಬಂದರು ಬೇಕು, ಕಾಲುವೆಗೆ ಸುಂಕ ಕಟ್ಟಬೇಕು. ಗಾಳಿ ಪುಕ್ಕಟೆ. ಚಿಲಿಯ ನೈಟ್ರೇಟು, ಆಸ್ಟ್ರೇಲಿಯದ ಗೋಧಿ ಇಂಥ ಸರಕುಗಳಿಗೆ ಅವಸರವೂ ಇಲ್ಲ, ಮೂರು ನಾಲ್ಕು ತಿಂಗಳು ಹಡಗಿನ ಹೊಟ್ಟೆಯಲ್ಲಿದ್ದರೂ ಕೆಡುವುದಿಲ್ಲ. ಹೀಗಾಗಿ ಬಿರುಗಾಳಿ ಎಂದರೆ ಈ ಹಡಗುಗಳಿಗೆ ಇಂಧನ. ಗಾಳಿ ಬಿದ್ದರೆ ಮಾಲೀಕನಿಗೆ ನಷ್ಟ, ಕೆರಳಿದರೆ ಲಾಭ. ಆ ಲಾಭಕ್ಕೆ ಮೈಯೊಡ್ಡಿದವರಲ್ಲಿ ಹದಿನಾರು, ಹದಿನೇಳರ ಹುಡುಗರೇ ಬಹಳ ಮಂದಿ. ಹಾಯಿ ಹಡಗಿನ ಸೊಬಗಿನ ಬಗ್ಗೆ ಬರೆದವರು ಬೇಕಾದಷ್ಟಿದ್ದಾರೆ. ನನಗೆ ಆ ಚಿತ್ರಗಳನ್ನು ನೋಡುವಾಗಲೆಲ್ಲ ಈ ಲೆಕ್ಕ ನೆನಪಾಗುತ್ತದೆ.

ಹ್ಯಾಂಬರ್ಗಿನ ಲೈಸ್ ಮನೆತನದ ಕಂಪನಿ ಈ ವ್ಯಾಪಾರದಲ್ಲಿ ಎತ್ತಿದ ಕೈ. ಅವರ ಹಡಗುಗಳ ಹೆಸರೆಲ್ಲ 'ಪ' ಅಕ್ಷರದಿಂದಲೇ ಶುರು: ಪೆಕಿಂಗ್, ಪಾಸಾಟ್, ಪಾಮಿರ್, ಪಾಡುವಾ, ಪ್ರಿವಾಲ್. ಇದಕ್ಕೊಂದು ತಮಾಷೆಯ ಹಿನ್ನೆಲೆ ಇದೆ. ಮನೆಯ ಸೊಸೆಗೆ ಗುಂಗುರು ಕೂದಲು. ಎಲ್ಲರೂ ಅವಳನ್ನು ಪೂಡಲ್ ನಾಯಿಯ ಹೆಸರಿನಿಂದ ಮುದ್ದಾಗಿ ಕರೆಯುತ್ತಿದ್ದರು. ಆ ಹೆಸರನ್ನೇ ಒಂದು ಹಡಗಿಗೆ ಇಟ್ಟರು, ಆಮೇಲೆ ಆ ಅಕ್ಷರವೇ ಶುಭ ಎಂದಾಯಿತು. ಲೋಕದ ಅತಿ ಒರಟು ಕಡಲಿಗೆ ಹೋಗುತ್ತಿದ್ದ ಹಡಗುಗಳ ಹೆಸರಿನ ಮೂಲ ಒಂದು ಜಡೆ!

ಇವು ಮರದ ಹಡಗುಗಳಲ್ಲ, ಉಕ್ಕಿನವು. 1911ರಲ್ಲಿ ಕಟ್ಟಿದ 'ಪೆಕಿಂಗ್' ಅನ್ನೇ ತೆಗೆದುಕೊಳ್ಳಿ. ಉದ್ದ ಸುಮಾರು 115 ಮೀಟರ್. ನಾಲ್ಕು ಕೂವೆಮರಗಳು, ಅವೂ ಉಕ್ಕಿನ ಕೊಳವೆಗಳೇ, ಐವತ್ತು ಮೀಟರಿಗೂ ಹೆಚ್ಚು ಎತ್ತರ. ಅವುಗಳಿಗೆ ಅಡ್ಡಲಾಗಿ ಕಟ್ಟಿದ ಉದ್ದುದ್ದ ಅಡ್ಡಮರಗಳಿಂದ ಹಾಯಿಗಳು ಇಳಿಬೀಳುತ್ತವೆ. ಎಲ್ಲ ಹಾಯಿಗಳನ್ನೂ ಬಿಚ್ಚಿ ಹಾಸಿದರೆ 4,100 ಚದರ ಮೀಟರ್ ಬಟ್ಟೆ, ಅಂದರೆ ಹೆಚ್ಚುಕಡಿಮೆ ಒಂದು ಎಕರೆ. ಇಂಥ ಹಡಗನ್ನು ನಡೆಸುತ್ತಿದ್ದವರು ಕೆಲವು ಕಂಪನಿಗಳಲ್ಲಿ ಮೂವತ್ತರ ಆಸುಪಾಸಿನ ಜನ. ಅವರೂ ಎರಡು ಪಾಳಿ. ಒಂದು ಪಾಳಿ ಕೆಲಸದಲ್ಲಿದ್ದರೆ ಇನ್ನೊಂದು ಮಲಗಿರುತ್ತದೆ. ಗಾಳಿ ಕೆಟ್ಟರೆ ಮಲಗಿದವರನ್ನೂ ಎಬ್ಬಿಸುತ್ತಾರೆ. ಹಾರ್ನ್ ಹತ್ತಿರವಾದಂತೆ ಗಾಳಿ ಕೆಡದ ದಿನಗಳೇ ಕಡಿಮೆ.

ಒಂದು ಸಂಗತಿ ನನಗೆ ತುಂಬ ಹಿಡಿಸಿತು. ಉಷ್ಣವಲಯದ ಮೆಲುಗಾಳಿಗೆ ಬಂದಾಗ ಹಡಗಿನವರು ತೇಪೆ ಹಾಕಿದ ಹಳೆಯ ಹಾಯಿಗಳನ್ನು ಕಟ್ಟುತ್ತಿದ್ದರು. ದಕ್ಷಿಣದ ಬಿರುಗಾಳಿಯ ಸೀಮೆ ಸಮೀಪಿಸುತ್ತಲೇ ಅವನ್ನೆಲ್ಲ ಇಳಿಸಿ, ದಪ್ಪ ಕ್ಯಾನ್ವಾಸಿನ ಹೊಸ ಹಾಯಿಗಳನ್ನು ಏರಿಸುತ್ತಿದ್ದರು. ನಾವು ಹಬ್ಬಕ್ಕೆ ಹೊಸ ಬಟ್ಟೆ ತೆಗೆಯುವಂತೆ ಅವರು ಬಿರುಗಾಳಿಗೆ ತೆಗೆಯುತ್ತಿದ್ದರು. ಒಣಗಿದ್ದಾಗಲೇ ಈ ಹಾಯಿ ಗಡುಸು. ನೆನೆದು ಹಿಮಗಟ್ಟಿದರೆ ತಗಡು.

ಅದನ್ನು ಸುತ್ತಿ ಕಟ್ಟುವುದು ಹೇಗೆ? ಮೊದಲು ಹಗ್ಗದ ಏಣಿ ಹಿಡಿದು ಕೂವೆ ಏರಬೇಕು. ಗಾಳಿ ಯಾವ ಕಡೆಯಿಂದ ಬೀಸುತ್ತದೋ ಆ ಕಡೆಯ ಏಣಿಯನ್ನೇ ಹತ್ತಬೇಕು, ಆಗ ಗಾಳಿ ಮೈಯನ್ನು ಏಣಿಗೆ ಒತ್ತಿ ಹಿಡಿಯುತ್ತದೆ. ಇನ್ನೊಂದು ಕಡೆಯಿಂದ ಹತ್ತಿದವನನ್ನು ಕಿತ್ತು ಒಗೆಯುತ್ತದೆ. ಮೇಲೆ ಅಡ್ಡಮರದ ಕೆಳಗೆ ಒಂದು ತಂತಿಹಗ್ಗ ಜೋತಾಡುತ್ತಿರುತ್ತದೆ. ಕಾಲಿಗೆ ಆಧಾರ ಅದೊಂದೇ. ಹೊಟ್ಟೆಯನ್ನು ಅಡ್ಡಮರದ ಮೇಲೆ ಒತ್ತಿ, ಮುಂದಕ್ಕೆ ಬಾಗಿ, ಎರಡೂ ಕೈಯಿಂದ ಹಾಯಿಯನ್ನು ಬಾಚಿ ಎಳೆದುಕೊಳ್ಳಬೇಕು. ಗಾಳಿ ತುಂಬಿ ಉಬ್ಬಿದ ಹಾಯಿಯಲ್ಲಿ ಹಿಡಿಯಲು ಒಂದು ಮಡಿಕೆಯೂ ಸಿಗುವುದಿಲ್ಲ. ಉಗುರು ಊರಿ ಹಿಡಿಯುತ್ತಾರೆ, ಉಗುರು ಕಿತ್ತು ಬರುತ್ತದೆ. ಕೆಳಗೆ ಹಡಗು ಒಂದು ಮಗ್ಗುಲಿಂದ ಇನ್ನೊಂದು ಮಗ್ಗುಲಿಗೆ ಹೊರಳುವಾಗ, ಮೇಲಿನವರು ಒಂದು ಗಳಿಗೆ ಈ ಕಡೆಯ ಕಡಲಿನ ಮೇಲೆ, ಮರುಗಳಿಗೆ ಆ ಕಡೆಯ ಕಡಲಿನ ಮೇಲೆ. ಒಂದು ಕೈ ಹಡಗಿಗೆ, ಒಂದು ಕೈ ನಿನಗೆ ಎಂದು ಹಳೆಯ ಖಲಾಸಿಗಳು ಹುಡುಗರಿಗೆ ಬುದ್ಧಿ ಹೇಳುತ್ತಿದ್ದರಂತೆ. ಹಾಯಿಗೆ ಎರಡು ಕೈಯೂ ಸಾಲದಿರುವಾಗ ಅದು ಬರೀ ಬುದ್ಧಿಮಾತಾಗಿಯೇ ಉಳಿಯುತ್ತಿತ್ತು. ಒಂದೇ ಹಾಯಿ ಕಟ್ಟಲು ಗಂಟೆಗಟ್ಟಲೆ ಹಿಡಿದ ರಾತ್ರಿಗಳಿವೆ.

1938ರಲ್ಲಿ ಎರಿಕ್ ನ್ಯೂಬಿ ಎಂಬ ಹದಿನೆಂಟರ ಲಂಡನ್ ಹುಡುಗ, ಜಾಹೀರಾತು ಕಂಪನಿಯ ಕೆಲಸ ಬಿಟ್ಟು, ಬೆಲ್‌ಫಾಸ್ಟಿನಲ್ಲಿ ನಿಂತಿದ್ದ 'ಮೊಶುಲು' ಹಡಗು ಹತ್ತಿದ. ಬಂದ ದಿನವೇ ಅವನಿಗೆ ಸಿಕ್ಕ ಆಜ್ಞೆ ಕೂವೆ ಏರು ಎಂದು. ಊರಿನ ಬೂಟು ಇನ್ನೂ ಕಾಲಲ್ಲೇ ಇತ್ತು. ಕ್ರೌರ್ಯ ಎಂದು ನಮಗೆ ಅನ್ನಿಸಬಹುದು, ಆದರೆ ಬಂದರಿನಲ್ಲಿ ಹತ್ತಲಾರದವನು ಹಾರ್ನ್‌ನಲ್ಲಿ ಹತ್ತುವುದು ಹೇಗೆ ಎಂಬುದು ಅವರ ತರ್ಕ. ಹಡಗಿನ ಭಾಷೆ ಸ್ವೀಡಿಷ್. ಆಜ್ಞೆಗಳೆಲ್ಲ ಅದರಲ್ಲೇ. ನೂರಾರು ಹಗ್ಗಗಳ ಹೆಸರನ್ನು ಗೊತ್ತಿಲ್ಲದ ಭಾಷೆಯಲ್ಲಿ ಕಲಿತು, ಕತ್ತಲೆಯಲ್ಲಿ ಕೈಗೆ ಸಿಕ್ಕಿದ್ದು ಯಾವ ಹಗ್ಗ ಎಂದು ಹೇಳುವಂತಾಗಬೇಕಿತ್ತು. ತಪ್ಪು ಹಗ್ಗ ಬಿಟ್ಟರೆ ಮೇಲಿದ್ದವನ ಪ್ರಾಣ ಹೋಗುತ್ತದೆ.

ಮೇಲೆ ಹೀಗಾದರೆ ಕೆಳಗಿನ ಡೆಕ್ಕು ಸುರಕ್ಷಿತ ಎಂದುಕೊಳ್ಳಬೇಡಿ. ಸರಕು ತುಂಬಿದ ಹಡಗು ನೀರಿನಲ್ಲಿ ತಗ್ಗಿ ಕೂತಿರುತ್ತದೆ. ಮಗ್ಗುಲಿಂದ ಎದ್ದ ಅಲೆ ಡೆಕ್ಕಿನ ಮೇಲೆ ಎದೆಮಟ್ಟ ನೀರು ಸುರಿದು ಹೋಗುತ್ತದೆ. ಅದಕ್ಕೆಂದೇ ಡೆಕ್ಕಿನ ಉದ್ದಕ್ಕೂ ಹಿಡಿದುಕೊಳ್ಳಲು ಹಗ್ಗ ಬಿಗಿದಿರುತ್ತಿದ್ದರು, ಕೊಚ್ಚಿಹೋದವನು ಸಿಕ್ಕಿಕೊಳ್ಳಲಿ ಎಂದು ಅಂಚಿನ ಮೇಲೆ ಬಲೆ ಕಟ್ಟುತ್ತಿದ್ದರು. ಚುಕ್ಕಾಣಿಗೆ ಇಬ್ಬರು, ಕೆಲವೊಮ್ಮೆ ನಾಲ್ವರು. ಹಿಂದಿನಿಂದ ಬರುವ ಅಲೆ ಹಡಗನ್ನು ಅಡ್ಡ ತಿರುಗಿಸಿಬಿಟ್ಟರೆ ಕಥೆ ಮುಗಿಯಿತು, ಹಾಗಾಗಿ ಚಕ್ರ ಹಿಡಿದವರು ತಮ್ಮನ್ನೂ ಹಗ್ಗದಿಂದ ಕಟ್ಟಿಕೊಳ್ಳುತ್ತಿದ್ದುದುಂಟು. ಅವರಿಗೆ ಕೊಡುತ್ತಿದ್ದ ಒಂದು ಎಚ್ಚರಿಕೆ: ಹಿಂದಿರುಗಿ ನೋಡಬೇಡ. ಬೆನ್ನ ಹಿಂದೆ ಎದ್ದು ನಿಂತ ನೀರಿನ ಗೋಡೆ ಕಂಡವನ ಕೈ ಚಕ್ರ ಬಿಟ್ಟೀತು ಎಂಬ ಭಯ.

ಯಾರಾದರೂ ನೀರಿಗೆ ಬಿದ್ದರೆ? ಇದನ್ನು ಹೇಳಲು ಕಷ್ಟವಾಗುತ್ತದೆ. ಹಾಯಿ ತುಂಬಿ ಓಡುವ ಹಡಗು ಥಟ್ಟನೆ ನಿಲ್ಲುವುದಿಲ್ಲ. ನಿಲ್ಲಿಸಹೋದರೆ ಕೂವೆಗಳೇ ಮುರಿದಾವು. ಆ ಅಲೆಗಳಲ್ಲಿ ದೋಣಿ ಇಳಿಸಿದರೆ ಒಬ್ಬನ ಜೊತೆ ಇನ್ನೂ ಐದಾರು ಮಂದಿ ಹೋಗುತ್ತಾರೆ. ಹಾಗಾಗಿ ಎಷ್ಟೋ ಸಲ ಕಪ್ತಾನ ಹಡಗನ್ನು ನಿಲ್ಲಿಸುತ್ತಲೇ ಇರಲಿಲ್ಲ. ಸತ್ತವನ ಪೆಟ್ಟಿಗೆಯಲ್ಲಿದ್ದ ಬಟ್ಟೆಬರೆಗಳನ್ನು ಡೆಕ್ಕಿನ ಮೇಲೆ ಹರಾಜು ಹಾಕಿ, ಬಂದ ದುಡ್ಡನ್ನು ಮನೆಯವರಿಗೆ ಕಳಿಸುವ ರೂಢಿ ಹಳೆಯ ಹಡಗುಗಳಲ್ಲಿತ್ತು.

ಬಿರುಗಾಳಿಯ ಕಥೆ ಹೇಳುವವರು ಅಲೆಯ ಎತ್ತರ ಹೇಳುತ್ತಾರೆ. ಆ ಹುಡುಗರನ್ನು ನಿಜವಾಗಿ ಹಣ್ಣು ಮಾಡಿದ್ದು ಒದ್ದೆ. ಅಗಸೆ ಎಣ್ಣೆ ಹಚ್ಚಿದ ಬಟ್ಟೆಯ ಮೇಲಂಗಿ, ಅದರ ಸೊಂಟಕ್ಕೂ ಮಣಿಕಟ್ಟಿಗೂ ಹುರಿ ಬಿಗಿದುಕೊಂಡರೂ ಕುತ್ತಿಗೆಯಿಂದ ನೀರು ಇಳಿದೇ ಇಳಿಯುತ್ತಿತ್ತು. ಬಟ್ಟೆ ಒಣಗಿಸಲು ಬೆಂಕಿಯಿಲ್ಲ, ಬಿಸಿಲಿಲ್ಲ. ಒದ್ದೆ ಬಟ್ಟೆಯಲ್ಲೇ ಒದ್ದೆ ಹಾಸಿಗೆಗೆ ಬೀಳುವುದು, ಕೆಲವು ಗಂಟೆ ಬಿಟ್ಟು ಅದರಲ್ಲೇ ಏಳುವುದು, ವಾರಗಟ್ಟಲೆ. ಮೇಲಂಗಿಯ ಅಂಚು ಉಜ್ಜಿ ಉಜ್ಜಿ ಮಣಿಕಟ್ಟಿನ ಸುತ್ತ ಉಪ್ಪುನೀರಿನ ಕುರುಗಳು ಏಳುತ್ತವೆ, ಒಡೆಯುತ್ತವೆ, ಮತ್ತೆ ಉಪ್ಪು ತಾಗುತ್ತದೆ. ಕೈಯ ಚರ್ಮ ಸೀಳುತ್ತದೆ. ವೈದ್ಯನಿಲ್ಲ. ಕಪ್ತಾನನ ಬಳಿ ಒಂದು ಔಷಧಿ ಪೆಟ್ಟಿಗೆ, ಒಂದು ಪುಸ್ತಕ.

ಊಟದ ಮಾತು ಬೇಗ ಮುಗಿಸುತ್ತೇನೆ, ಯಾಕೆಂದರೆ ಊಟವೂ ಬೇಗ ಮುಗಿಯುತ್ತಿತ್ತು. ಪೀಪಾಯಿಯಲ್ಲಿ ಉಪ್ಪು ಹಾಕಿಟ್ಟ ದನದ ಇಲ್ಲವೇ ಹಂದಿಯ ಮಾಂಸ, ಬಟಾಣಿಯ ಸಾರು, ಕಲ್ಲಿನಂಥ ಬಿಸ್ಕತ್ತು. ಬಿಸ್ಕತ್ತನ್ನು ಮೇಜಿಗೆ ಕುಟ್ಟಿ ಹುಳ ಉದುರಿಸಿ ತಿನ್ನಬೇಕು. ಕೆಟ್ಟ ಹವೆಯಲ್ಲಿ ಅಲೆ ಅಡುಗೆಕೋಣೆಗೇ ನುಗ್ಗಿ ಒಲೆ ಆರಿಸಿದರೆ ಅದೂ ಇಲ್ಲ, ಬಿಸಿ ಕಾಫಿಯೂ ಇಲ್ಲ. ಉಪ್ಪುಮಾಂಸವನ್ನು ಆಲೂಗಡ್ಡೆಯ ಜೊತೆ ಅರೆದು ಮಾಡುತ್ತಿದ್ದ 'ಲಾಬ್ಸ್‌ಕೌಸ್' ಎಂಬ ನಾವಿಕರ ತಿನಿಸು ಈಗ ಹ್ಯಾಂಬರ್ಗಿನ ಹೋಟೆಲುಗಳಲ್ಲಿ ಊರಿನ ವಿಶೇಷ ಎಂದು ಸಿಗುತ್ತದೆ, ಮೇಲೊಂದು ಮೊಟ್ಟೆಯ ಸಮೇತ.

ಇಷ್ಟಾದರೂ ಹುಡುಗರು ಬರುತ್ತಿದ್ದರು, ಅದೂ ಕುಣಿದಾಡಿಕೊಂಡು. ಅರ್ವಿಂಗ್ ಜಾನ್ಸನ್ ಎಂಬ ಅಮೆರಿಕನ್ ಯುವಕ ಹಾರ್ನ್‌ಗೆ ಹೋಗಬೇಕೆಂದು ಮೊದಲೇ ನಿಶ್ಚಯಿಸಿಕೊಂಡು, ತಯಾರಿಗಾಗಿ ಊರಿನ ಕಂಬ ಹತ್ತಿ ಅದರ ತುದಿಯಲ್ಲಿ ತಲೆಕೆಳಗಾಗಿ ನಿಲ್ಲುವುದನ್ನು ಅಭ್ಯಾಸ ಮಾಡಿದ್ದ. 1929ರಲ್ಲಿ 'ಪೆಕಿಂಗ್' ಏರಿದಾಗ ಕೈಯಲ್ಲಿ ಚಲನಚಿತ್ರ ಕ್ಯಾಮೆರಾ ಇತ್ತು. ಹಾರ್ನ್‌ನ ಬಿರುಗಾಳಿಯಲ್ಲಿ ಕೂವೆಯ ಮೇಲಿಂದ ಅವನು ತೆಗೆದ ಚಿತ್ರಗಳು ಇವತ್ತೂ ನೋಡಲು ಸಿಗುತ್ತವೆ. ಡೆಕ್ಕು ಪೂರ್ತಿ ನೀರಿನಡಿ ಮುಳುಗಿ, ಕೂವೆಗಳು ಮಾತ್ರ ಕಡಲಿನಿಂದ ಮೇಲೆದ್ದು ನಿಂತಂತೆ ಕಾಣುವ ದೃಶ್ಯಗಳಿವೆ. ವಯಸ್ಸಾದ ಮೇಲೆ ಅದೇ ಚಿತ್ರಕ್ಕೆ ಅವನು ಕೊಟ್ಟ ವಿವರಣೆಯ ದನಿಯಲ್ಲಿ ದೂರು ಎಂಬುದೇ ಇಲ್ಲ. ಜಾತ್ರೆ ನೋಡಿ ಬಂದವನ ಹಿಗ್ಗು.

ಅದೇ ವರ್ಷ, 1929ರಲ್ಲಿ, ಇನ್ನೊಂದು ಕ್ಯಾಮೆರಾ 'ಗ್ರೇಸ್ ಹಾರ್ವರ್' ಎಂಬ ಹಡಗಿನಲ್ಲೂ ಹಾರ್ನ್ ಸುತ್ತಿತು. ಅಲನ್ ವಿಲಿಯರ್ಸ್ ಮತ್ತು ರೊನಾಲ್ಡ್ ವಾಕರ್ ಎಂಬ ಇಬ್ಬರು ಪತ್ರಕರ್ತ ಗೆಳೆಯರು ಖಲಾಸಿಗಳಾಗಿ ಸೇರಿಕೊಂಡು ಚಿತ್ರ ತೆಗೆಯುತ್ತಿದ್ದರು. ವಾಕರ್ ಕೂವೆಯ ಮೇಲಿದ್ದಾಗ ಅಡ್ಡಮರ ಬಿದ್ದು ಸತ್ತ. ವಿಲಿಯರ್ಸ್ ಒಬ್ಬನೇ ಚಿತ್ರ ಮುಗಿಸಿದ. ಆಸ್ಟ್ರೇಲಿಯದಿಂದ ಆ ಪಯಣಕ್ಕೆ ಹಿಡಿದದ್ದು 138 ದಿನ. ಜಾನ್ಸನ್ನನ ಹಿಗ್ಗನ್ನು ನೋಡುವಾಗ ಈ ಇನ್ನೊಂದನ್ನೂ ಜೊತೆಯಲ್ಲಿಟ್ಟುಕೊಂಡು ನೋಡಬೇಕು ಎಂದು ನನಗನ್ನಿಸುತ್ತದೆ.

ಹಗ್ಗ ಎಳೆಯುವಾಗ ಹಾಡುವುದು ಇವರಲ್ಲೂ ಇತ್ತು. ಒಬ್ಬ ಎತ್ತಿಕೊಡುತ್ತಾನೆ, ಉಳಿದವರು ದನಿಗೂಡಿಸಿ ಒಟ್ಟಿಗೆ ಜಗ್ಗುತ್ತಾರೆ, ನಮ್ಮ ಐಲೇಸಾದ ಹಾಗೆಯೇ. ಆದರೆ ಈ ಕೊನೆಗಾಲದ ಉಕ್ಕಿನ ಹಡಗುಗಳಲ್ಲಿ ಹಾಡು ಕಡಿಮೆಯಾಗಿತ್ತು. ಜಾರ್ವಿಸ್ ಎಂಬ ಕಪ್ತಾನ ರೂಪಿಸಿದ ವಿಂಚಿನಿಂದ ದೊಡ್ಡ ಗುಂಪು ಜಗ್ಗಬೇಕಿದ್ದ ಅಡ್ಡಮರಗಳನ್ನು ಕೆಲವೇ ಮಂದಿ ತಿರುಗಿಸಬಹುದಾಯಿತು. ಕೆಲಸ ಹಗುರಾಯಿತಲ್ಲ ಎಂದು ಸಂತೋಷಪಡಬೇಡಿ. ಕೆಲಸ ಹಗುರಾದಷ್ಟೂ ಆಳುಗಳ ಸಂಖ್ಯೆ ಇಳಿಯಿತು.

ಈ ಇಳಿಸುವ ವಿದ್ಯೆಯಲ್ಲಿ ಗುಸ್ತಾಫ್ ಎರಿಕ್ಸನ್ ಪ್ರವೀಣ. ಫಿನ್ಲೆಂಡಿನ ಓಲಂಡ್ ದ್ವೀಪಗಳ ಮರಿಯೆಹಾಮ್ನ್ ಊರಿನವನು, ಹತ್ತರ ಹೊತ್ತಿಗೇ ಕಡಲಿಗೆ ಇಳಿದವನು. ಬೇರೆಯವರು ಗುಜರಿಗೆ ಹಾಕಲು ಹೊರಟ ಹಾಯಿ ಹಡಗುಗಳನ್ನು ಕಡಿಮೆ ಬೆಲೆಗೆ ಕೊಂಡು, ಎರಡು ಮಹಾಯುದ್ಧಗಳ ನಡುವಿನ ಕಾಲದಲ್ಲಿ ಲೋಕದ ಕೊನೆಯ ದೊಡ್ಡ ಹಾಯಿ ಪಡೆಯನ್ನು ಕಟ್ಟಿದ. ಹಡಗುಗಳಿಗೆ ವಿಮೆ ಮಾಡಿಸುತ್ತಿರಲಿಲ್ಲ, ಕಂತು ಕಟ್ಟುವುದಕ್ಕಿಂತ ಆಗೊಮ್ಮೆ ಈಗೊಮ್ಮೆ ಒಂದು ಹಡಗು ಕಳಕೊಳ್ಳುವುದೇ ಅಗ್ಗ. ಆಗ ಕೆಲವು ದೇಶಗಳಲ್ಲಿ ಹಡಗಿನ ಅಧಿಕಾರಿಯಾಗಲು ಹಾಯಿ ಹಡಗಿನಲ್ಲಿ ದುಡಿದ ಅನುಭವ ಕಡ್ಡಾಯವಾಗಿತ್ತು. ಆದ್ದರಿಂದ ಅಪ್ಪಂದಿರು ಹಣ ಕಟ್ಟಿ ಮಕ್ಕಳನ್ನು ಅವನ ಹಡಗಿಗೆ ಸೇರಿಸುತ್ತಿದ್ದರು. ನ್ಯೂಬಿಯ ತಂದೆ ಕಟ್ಟಿದ್ದು 50 ಪೌಂಡು. ಅಂದರೆ ಆ ಹೆಪ್ಪುಗಟ್ಟಿದ ಹಾಯಿಯಲ್ಲಿ ಉಗುರು ಕಳಕೊಳ್ಳುತ್ತಿದ್ದ ಹುಡುಗ ಅದಕ್ಕೆ ಮನೆಯಿಂದ ದುಡ್ಡು ಕಟ್ಟಿಸಿ ಬಂದವನು! ಎರಿಕ್ಸನ್ ಕೆಟ್ಟವನು ಎಂದು ನಾನು ಹೇಳುತ್ತಿಲ್ಲ. ಹಡಗಿಗೆ ಬೇಕಾದ ಹಗ್ಗ, ಹಾಯಿಗಳಲ್ಲಿ ಅವನು ಜಿಪುಣತನ ಮಾಡುತ್ತಿರಲಿಲ್ಲ. ಅವನಿಲ್ಲದಿದ್ದರೆ ಇವತ್ತು ತೋರಿಸಲು ಇಂಥ ಹಡಗುಗಳೇ ಉಳಿಯುತ್ತಿರಲಿಲ್ಲ. ಆದರೆ ಆ ವ್ಯಾಪಾರ ನಿಂತದ್ದು ಗಾಳಿಯ ಮೇಲೆ ಎಂದರೆ ಅರ್ಧ ಮಾತು. ಮಿಕ್ಕರ್ಧ ಈ ಹುಡುಗರ ಮೇಲೆ.

ಗಾಳಿಯನ್ನಂತೂ ನಂಬುವಂತಿರಲಿಲ್ಲ. ಹಾರ್ನ್ ದಾಟುವುದನ್ನು ನಾವಿಕರು ಒಂದು ಸಾಗರದ 50ನೇ ಅಕ್ಷಾಂಶದಿಂದ ಇನ್ನೊಂದು ಸಾಗರದ 50ನೇ ಅಕ್ಷಾಂಶದವರೆಗೆ ಎಂದು ಅಳೆಯುತ್ತಾರೆ. ಪಶ್ಚಿಮಕ್ಕೆ, ಗಾಳಿಗೆ ಎದುರಾಗಿ, ಇಷ್ಟನ್ನು ದಾಟಲು 1905ರಲ್ಲಿ 'ಸುಸಾನಾ' ಎಂಬ ಜರ್ಮನ್ ಹಡಗಿಗೆ 99 ದಿನ ಬೇಕಾಯಿತು. 1938ರಲ್ಲಿ 'ಪ್ರಿವಾಲ್' ಅದನ್ನೇ 5 ದಿನ 14 ಗಂಟೆಯಲ್ಲಿ ಮುಗಿಸಿತು. ಕಪ್ತಾನನ ಜಾಣತನವೂ ಇತ್ತು, ಅದೃಷ್ಟವೂ ಇತ್ತು. 2018ರ ಜನವರಿಯಲ್ಲಿ ನಮ್ಮ ನೌಕಾಪಡೆಯ ಆರು ಮಂದಿ ಮಹಿಳಾ ಅಧಿಕಾರಿಗಳು ಗೋವಾದಲ್ಲಿ ಕಟ್ಟಿದ 'ತಾರಿಣಿ' ಎಂಬ ಪುಟ್ಟ ಹಾಯಿದೋಣಿಯಲ್ಲಿ ಇದೇ ಹಾರ್ನ್ ಸುತ್ತಿದರು. ಅವರಿಗೆ ಉಪಗ್ರಹದಿಂದ ಹವಾಮಾನದ ಸುದ್ದಿ ಬರುತ್ತಿತ್ತು. ಕಡಲು ಮಾತ್ರ 'ಸುಸಾನಾ' ಕಂಡ ಕಡಲೇ.

ಸುಳಿವೇ ಇಲ್ಲದೆ ಹೋದ ಹಡಗುಗಳೂ ಇವೆ. ಡೆನ್ಮಾರ್ಕಿನ ಐದು ಕೂವೆಯ 'ಕೋಬೆನ್‌ಹಾನ್' 1928ರ ಡಿಸೆಂಬರಿನಲ್ಲಿ ಅರ್ಜೆಂಟೀನಾದಿಂದ ಹೊರಟಿತು. ಸುಮಾರು ಅರವತ್ತು ಮಂದಿ, ಬಹುಪಾಲು ತರಬೇತಿಯ ಹುಡುಗರು. ಕಡೆಯ ರೇಡಿಯೊ ಸಂದೇಶದ ಆಮೇಲೆ ಅದರ ಪತ್ತೆಯಿಲ್ಲ.

ಕೊನೆಯದಾಗಿ 'ಪಾಮಿರ್'. 1949ರಲ್ಲಿ ಸರಕು ಹೊತ್ತು ಹಾಯಿಯ ಬಲದಿಂದಲೇ ಹಾರ್ನ್ ಸುತ್ತಿದ ಕಟ್ಟಕಡೆಯ ವ್ಯಾಪಾರಿ ಹಡಗು ಅದು. ಆಮೇಲೆ ಜರ್ಮನಿಯಲ್ಲಿ ತರಬೇತಿ ಹಡಗಾಯಿತು. ಆದರೆ ತರಬೇತಿಯ ಖರ್ಚು ಹುಟ್ಟಬೇಕಲ್ಲ, ಸರಕು ತುಂಬುವುದು ನಿಲ್ಲಲಿಲ್ಲ. 1957ರ ಆಗಸ್ಟಿನಲ್ಲಿ ಬ್ಯೂನಸ್ ಐರಿಸ್‌ನಿಂದ ಬಾರ್ಲಿ ಹೊತ್ತು ಹೊರಟಿತು. ಬಾರ್ಲಿಯ ಕಾಳು ಬಲು ನಯ, ಜಾರುತ್ತದೆ. ಚೀಲ ತುಂಬಿ ಪೇರಿಸಿದರೆ ಅಲುಗದು. ಬಿಡಿಯಾಗಿ ಸುರಿದರೆ ಹಡಗು ಒಂದು ಕಡೆ ವಾಲಿದಾಗ ಕಾಳೂ ಆ ಕಡೆಗೇ ಹರಿದು, ಹಡಗನ್ನು ಮತ್ತೆ ನೆಟ್ಟಗಾಗಲು ಬಿಡುವುದಿಲ್ಲ. 'ಪಾಮಿರ್'ನಲ್ಲಿ ಬಹುಪಾಲು ಬಿಡಿಯಾಗಿತ್ತು. ಭಾರಕ್ಕೆಂದು ನೀರು ತುಂಬಿಸಬಹುದಾಗಿದ್ದ ತೊಟ್ಟಿಯಲ್ಲೂ ಬಾರ್ಲಿಯನ್ನೇ ತುಂಬಿದ್ದರು. ಸೆಪ್ಟೆಂಬರ್ 21ರಂದು ಅಸೋರ್ಸ್ ದ್ವೀಪಗಳ ನೈಋತ್ಯಕ್ಕೆ, ಕ್ಯಾರಿ ಎಂಬ ಚಂಡಮಾರುತ ಅದನ್ನು ಹಿಡಿಯಿತು. ಹಡಗಿನಲ್ಲಿದ್ದವರು 86 ಮಂದಿ, ಅರ್ಧಕ್ಕಿಂತ ಹೆಚ್ಚು ಹುಡುಗರು. ಮುರಿದ ದೋಣಿಗಳನ್ನು ಹಿಡಿದುಕೊಂಡು ಎರಡು ಮೂರು ದಿನ ತೇಲಿ ಬದುಕಿದವರು ಆರೇ ಮಂದಿ. ದಶಕಗಳ ಕಾಲ ಹಾರ್ನ್‌ನ ಹೊಡೆತ ತಿಂದು ಉಳಿದ ಹಡಗನ್ನು ಮಗುಚಿದ್ದು ಗಾಳಿಯಷ್ಟೇ ಕಾಳು ಕೂಡ.

ಅದರ ಜೊತೆಯ ಹಡಗು 'ಪಾಸಾಟ್'ಗೂ ಅದೇ ನವೆಂಬರಿನಲ್ಲಿ ಅದೇ ಪಾಡಾಯಿತು. ಬಿರುಗಾಳಿಯಲ್ಲಿ ಬಾರ್ಲಿ ಜಾರಿ ಹಡಗು ವಾಲಿತು. ಹೇಗೋ ಏಗಿಕೊಂಡು ಲಿಸ್ಬನ್ ಬಂದರು ಸೇರಿತು. ಜರ್ಮನಿಯಲ್ಲಿ ಹಾಯಿ ಹಡಗಿನ ಸರಕು ಸಾಗಾಟ ಅಲ್ಲಿಗೆ ಮುಗಿಯಿತು. 'ಪಾಸಾಟ್' ಈಗ ಟ್ರಾವೆಮ್ಯುಂಡೆಯಲ್ಲಿ ದಡಕ್ಕೆ ಕಟ್ಟಿಕೊಂಡು ನಿಂತಿದೆ. 'ಪೆಕಿಂಗ್' 2020ರಲ್ಲಿ ದುರಸ್ತಿಯಾಗಿ ತವರಾದ ಹ್ಯಾಂಬರ್ಗಿಗೆ ಮರಳಿತು. ನ್ಯೂಬಿಯ 'ಮೊಶುಲು' ಅಮೆರಿಕದ ಫಿಲಡೆಲ್ಫಿಯಾದಲ್ಲಿ ರೆಸ್ಟೋರೆಂಟ್ ಆಗಿದೆ. ಲೈಸ್ ಹಡಗುಗಳಲ್ಲಿ ಇವತ್ತಿಗೂ ಕಡಲಲ್ಲಿ ಓಡುತ್ತಿರುವುದು 'ಪಾಡುವಾ' ಒಂದೇ, ರಷ್ಯಾದ ಬಾವುಟದಡಿ, 'ಕ್ರುಜೆನ್‌ಶ್ಟರ್ನ್' ಎಂಬ ಹೆಸರಿನಲ್ಲಿ. ಅದರ ಹಾಯಿ ಸುತ್ತುವವರೂ ತರಬೇತಿಗೆ ಬಂದ ಹುಡುಗರೇ. ಆದರೆ ಈಗ ಅದಕ್ಕೆ ಇಂಜಿನ್ನಿದೆ, ಹೊಟ್ಟೆಯಲ್ಲಿ ಸರಕಿಲ್ಲ.